‘ಅನಗತ್ಯ ಕರೆ’ ಎಂಬ ಅಪವಾದ

ಪೊಲೀಸ್ ಕಂಟ್ರೋಲ್ ರೂಮಿಗೋ ಆಂಬುಲೆನ್ಸ್ ಕೇಂದ್ರಕ್ಕೋ ಬರುವ ಕರೆಗಳ ಬಗ್ಗೆ ನಮ್ಮ ಪತ್ರಿಕೆಗಳಲ್ಲಿ ಆಗಾಗ ಒಂದೇ ಬಗೆಯ ಸುದ್ದಿ ಬರುತ್ತದೆ. ಬಂದ ಕರೆಗಳಲ್ಲಿ ಬಹುಪಾಲು ಹುಸಿ. ಕೆಲವರು ಫೋನ್ ಮಾಡಿ ಮಾತೇ ಆಡಲಿಲ್ಲ, ಕೆಲವರು ರೀಚಾರ್ಜ್ ಬಗ್ಗೆ ಕೇಳಿದರು, ಯಾರೋ ಕುಡಿದು ಬೈದರು, ಯಾವುದೋ ಮಗು ಅಪ್ಪನ ಫೋನ್ ಹಿಡಿದು ಆಡುತ್ತಿತ್ತು. ಕೊನೆಗೆ ಅಧಿಕಾರಿಗಳ ಮನವಿ: ನಿಜವಾಗಿ ತುರ್ತು ಇದ್ದರೆ ಮಾತ್ರ ಕರೆ ಮಾಡಿ, ದುರುಪಯೋಗ ಮಾಡಿದರೆ ಕ್ರಮ ಕೈಗೊಳ್ಳುತ್ತೇವೆ. ಓದಿದವರೆಲ್ಲ ತಲೆಯಾಡಿಸುತ್ತಾರೆ. ನಮ್ಮ ಜನಕ್ಕೆ ಏನು ಕೊಟ್ಟರೂ ಅಷ್ಟೇ, ದಂಡ ಹಾಕಿದರೆ ಬುದ್ಧಿ ಬರುತ್ತದೆ ಎನ್ನುತ್ತಾರೆ. ಓದಿದವರು, ಓದದವರು, ಸರ್ಕಾರದ ಪರ ಇರುವವರು, ವಿರೋಧ ಇರುವವರು, ಎಲ್ಲರೂ ಒಪ್ಪುವ ಮಾತು ಇದು.

ನಾನು ಒಪ್ಪುವುದಿಲ್ಲ. ಈ ಅಭಿಪ್ರಾಯ ತಪ್ಪು, ಜೊತೆಗೆ ಜೀವಕ್ಕೆ ಎರವಾಗುವಂಥದ್ದು. ತುರ್ತು ಸಂಖ್ಯೆ ಹುಟ್ಟಿದ್ದೇ ಗಾಬರಿಬಿದ್ದ ಮನುಷ್ಯನ ತಲೆಯ ಮೇಲಿಂದ ತೀರ್ಮಾನದ ಹೊರೆ ಇಳಿಸಲು. ಇದು ತುರ್ತೋ ಅಲ್ಲವೋ ಎಂದು ಅಳೆಯಬೇಕಾದವರು ಫೋನಿನ ಆ ತುದಿಯಲ್ಲಿ ತರಬೇತಿ ಪಡೆದು, ಸಂಬಳ ಪಡೆದು ಕೂತವರು. ಈ ತುದಿಯಲ್ಲಿ ಕೈ ನಡುಗುತ್ತ ನಿಂತವರಿಗೆ ಆ ಅಳತೆಗೋಲು ಕೊಟ್ಟು, ತಪ್ಪಿದರೆ ಕೇಸು ಹಾಕುತ್ತೇವೆ ಎಂದು ಹೆದರಿಸುವುದು ಆ ಏರ್ಪಾಡಿನ ಬುಡಕ್ಕೇ ಕೊಡಲಿ ಹಾಕಿದಂತೆ.

ಈ ಏರ್ಪಾಡು ಶುರುವಾದದ್ದು ಹೇಗೆಂದು ನೋಡಿದರೆ ಇದು ಸ್ಪಷ್ಟವಾಗುತ್ತದೆ. 1935ರ ನವೆಂಬರ್ 10ರಂದು ಲಂಡನ್ನಿನ ವಿಂಪೋಲ್ ಬೀದಿಯಲ್ಲಿ ವೈದ್ಯರೊಬ್ಬರ ಮನೆಗೆ ಬೆಂಕಿ ಬಿದ್ದು ಐವರು ಹೆಂಗಸರು ಸತ್ತರು. ನೆರೆಯವರೊಬ್ಬರು ಬೆಂಕಿ ಕಂಡ ಕೂಡಲೇ ಸೊನ್ನೆ ತಿರುಗಿಸಿ ವೆಲ್‌ಬೆಕ್ ಟೆಲಿಫೋನ್ ಎಕ್ಸ್‌ಚೇಂಜಿಗೆ ಕರೆ ಮಾಡಿದ್ದರು. ಅಂದಿನ ಕ್ರಮ ಅದೇ: ಸೊನ್ನೆ ತಿರುಗಿಸಿದರೆ ಆಪರೇಟರ್ ಎತ್ತಿಕೊಳ್ಳುತ್ತಿದ್ದರು, ಅವರು ಅಗ್ನಿಶಾಮಕ ದಳಕ್ಕೋ ಪೊಲೀಸರಿಗೋ ಜೋಡಿಸುತ್ತಿದ್ದರು. ಆದರೆ ಸ್ವಿಚ್‌ಬೋರ್ಡಿನ ಮೇಲೆ ಹೊತ್ತಿಕೊಂಡ ಹತ್ತಾರು ದೀಪಗಳಲ್ಲಿ ಯಾವುದು ಬೆಂಕಿಯ ಕರೆ, ಯಾವುದು ಟ್ರಂಕ್ ಕಾಲ್ ಬುಕ್ ಮಾಡುವವನ ಕರೆ ಎಂದು ಆಪರೇಟರಿಗೆ ತಿಳಿಯುವ ಬಗೆಯೇ ಇರಲಿಲ್ಲ. ನೆರೆಯವರ ಕರೆ ಎಲ್ಲ ಕರೆಗಳ ಹಾಗೆ ಸರದಿಯಲ್ಲಿ ಕಾಯಿತು. ಅವರು ಸಿಟ್ಟಾಗಿ ‘ದಿ ಟೈಮ್ಸ್’ ಪತ್ರಿಕೆಗೆ ಬರೆದ ಪತ್ರ ಸುದ್ದಿಯಾಯಿತು, ಸರ್ಕಾರ ಸಮಿತಿ ನೇಮಿಸಿತು.

ಆ ಸಮಿತಿಗೆ ಒಂದು ಸುಲಭದ ದಾರಿ ಇತ್ತು. ಸಣ್ಣಪುಟ್ಟ ಕೆಲಸಕ್ಕೆಲ್ಲ ಆಪರೇಟರನ್ನು ಕರೆದು ಸಾಲು ತುಂಬಿಸಬೇಡಿ ಎಂದು ಚಂದಾದಾರರಿಗೆ ಬುದ್ಧಿ ಹೇಳಿ ಕೈತೊಳೆದುಕೊಳ್ಳಬಹುದಿತ್ತು. ಹಾಗೆ ಮಾಡಲಿಲ್ಲ. ಮುಖ್ಯವಾದ ಕರೆ ತಾನಾಗಿಯೇ ಸಾಲಿನ ಮುಂದಕ್ಕೆ ಬರುವಂಥ ಯಂತ್ರ ಮಾಡಿದರು. 1937ರ ಜೂನ್ 30ರಿಂದ, ಆಕ್ಸ್‌ಫರ್ಡ್ ಸರ್ಕಸ್ಸಿನ ಸುತ್ತ 12 ಮೈಲಿಯೊಳಗೆ ಯಾರು ಹೊಸ ತುರ್ತು ಸಂಖ್ಯೆ 999 ತಿರುಗಿಸಿದರೂ ಎಕ್ಸ್‌ಚೇಂಜಿನಲ್ಲಿ ಕೆಂಪು ದೀಪ ಹೊತ್ತಿ ಹಾರ್ನ್ ಕೂಗತೊಡಗಿತು. ಆ ಹಾರ್ನಿನ ಸದ್ದು ಎಷ್ಟು ಜೋರಾಗಿತ್ತೆಂದರೆ, ಕೆಲಸ ಮಾಡುತ್ತಿದ್ದ ಹುಡುಗಿಯರು ಅದರ ಬಾಯಿಗೆ ಟೆನಿಸ್ ಚೆಂಡು ತುರುಕಿ ಸದ್ದು ಅಡಗಿಸುತ್ತಿದ್ದರಂತೆ.

ಮೊದಲ ವಾರ ಬಂದ ಕರೆಗಳು 1,336. ಅದರಲ್ಲಿ ಚೇಷ್ಟೆಯ ಕರೆ 91. ಇನ್ನೂ ಅನೇಕ ಕರೆ ತುರ್ತಲ್ಲದ ಸಾಮಾನ್ಯ ಕೆಲಸಕ್ಕೆ ಬಂದವು. ಅಂದರೆ ‘ನಮ್ಮ ಜನಕ್ಕೆ ಬುದ್ಧಿಯಿಲ್ಲ’ ಎಂದು ನಾವು ಇವತ್ತು ಕೊಡುವ ಸಾಕ್ಷಿ ಲಂಡನ್ನಿನಲ್ಲಿ ಮೊದಲ ವಾರವೇ ಇತ್ತು. ಯಾವಾಗ 999 ತಿರುಗಿಸಬೇಕು ಎಂದು ಪತ್ರಿಕೆಗಳು ಓದುಗರಿಗೆ ಸಲಹೆಯನ್ನೂ ಕೊಟ್ಟಿದ್ದವು: ಪಕ್ಕದ ಮನೆಯವನು ಹೆಂಡತಿಯನ್ನು ಕೊಲ್ಲುತ್ತಿದ್ದರೆ ತಿರುಗಿಸಿ, ನಾಯಿ ಕಳೆದುಹೋಗಿದ್ದರೆ ಹತ್ತಿರದ ಠಾಣೆಗೆ ಹೇಳಿ ಎಂಬ ಧಾಟಿಯಲ್ಲಿ. ಸಲಹೆ ಕೊಟ್ಟರು, ಆದರೆ 91 ಜನರ ಚೇಷ್ಟೆ ಕಂಡು ಬಾಗಿಲು ಮುಚ್ಚಲಿಲ್ಲ. ಶುರುವಾಗಿ ವಾರ ಕಳೆಯುವಷ್ಟರಲ್ಲಿ ಹ್ಯಾಂಪ್‌ಸ್ಟೆಡ್‌ನ ಒಂದು ಮನೆಯಲ್ಲಿ ಬೆಳಗಿನ ಜಾವ ಕಿಟಕಿಯ ಕೆಳಗೆ ಏನೋ ಸದ್ದು ಕೇಳಿ ಮನೆಯವರು 999 ತಿರುಗಿಸಿದರು, ಕೆಲವೇ ನಿಮಿಷಗಳಲ್ಲಿ ಕಳ್ಳ ಸಿಕ್ಕಿಬಿದ್ದ. ಆ ಸಂಖ್ಯೆಯಿಂದಾದ ಮೊದಲ ಬಂಧನ ಅದು. ಅವರನ್ನು ಎಚ್ಚರಿಸಿದ್ದು ಒಂದು ಸದ್ದು ಎಂಬುದನ್ನು ಗಮನಿಸಬೇಕು. ಬೆಕ್ಕೂ ಆಗಿರಬಹುದಿತ್ತು. ಬೆಕ್ಕಾಗಿದ್ದರೆ ಅದೇ ಕರೆ ಅನಗತ್ಯ ಕರೆಗಳ ಲೆಕ್ಕಕ್ಕೆ ಸೇರುತ್ತಿತ್ತು. ಕರೆ ಮಾಡುವ ಕ್ಷಣದಲ್ಲಿ ಎರಡಕ್ಕೂ ವ್ಯತ್ಯಾಸವಿಲ್ಲ.

ಈ ಕಥೆಯಲ್ಲಿ ನನಗೆ ಬಹಳ ಮುಖ್ಯ ಎನಿಸುವುದು 999 ಎಂಬ ಅಂಕಿಗಳನ್ನೇ ಯಾಕೆ ಆರಿಸಿದರು ಎಂಬುದು. ಅಂದಿನ ಡಯಲ್ ಫೋನಿನಲ್ಲಿ ಬೇಗ ತಿರುಗುವುದು 1. ಹಾಗಾದರೆ 111 ಇಟ್ಟುಕೊಳ್ಳಬಹುದಿತ್ತಲ್ಲ? ಇಟ್ಟುಕೊಳ್ಳಲಿಲ್ಲ. ಕಂಬದ ಮೇಲಿನ ತಂತಿಗಳು ಗಾಳಿಗೆ ಒಂದಕ್ಕೊಂದು ತಾಗಿದರೂ ಒಂದೊಂದು ಮಿಡಿತ ಹೋಗುತ್ತಿತ್ತು, ಯಾರೂ ಮುಟ್ಟದೆಯೇ 111 ಹೋಗಿಬಿಡುವ ಸಂಭವವಿತ್ತು. ಕಾಯಿನ್ ಬಾಕ್ಸ್ ಫೋನುಗಳಲ್ಲಿ ದುಡ್ಡು ಹಾಕದೆ 9 ತಿರುಗಿಸುವಂತೆ ಡಯಲ್ ಬದಲಿಸುವುದೂ ಸುಲಭವಿತ್ತು. ತಪ್ಪಿ ಹೋಗುವ ಕರೆ ಎಂಜಿನಿಯರ್ ಬಗೆಹರಿಸಬೇಕಾದ ಸಮಸ್ಯೆ ಎಂಬ ತಿಳಿವಳಿಕೆ 1937ರಲ್ಲೇ ಇತ್ತು. ತಂತಿ ತಾಗಿದ್ದಕ್ಕೆ ಚಂದಾದಾರನನ್ನು ಬೈಯಬೇಕು ಎಂದು ಆಗ ಯಾರಿಗೂ ಅನ್ನಿಸಲಿಲ್ಲ.

ನಮ್ಮಲ್ಲಿ ಏನಾಯಿತು ನೋಡಿ. 2012ರ ಡಿಸೆಂಬರಿನ ದೆಹಲಿಯ ಅತ್ಯಾಚಾರದ ನಂತರ ಇಡೀ ದೇಶಕ್ಕೆ ಒಂದೇ ತುರ್ತು ಸಂಖ್ಯೆ ಬೇಕೆಂಬ ಒತ್ತಾಯ ಬಲವಾಯಿತು. 2015ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) 112ನ್ನು ಶಿಫಾರಸು ಮಾಡಿತು. 2016ರಲ್ಲಿ ಕೇಂದ್ರದ ದೂರಸಂಪರ್ಕ ಇಲಾಖೆ ಆದೇಶ ಹೊರಡಿಸಿ, 2017ರ ಜನವರಿ 1ರಿಂದ ದೇಶದಲ್ಲಿ ಮಾರಾಟವಾಗುವ ಪ್ರತಿ ಮೊಬೈಲಿನಲ್ಲೂ ಪ್ಯಾನಿಕ್ ಬಟನ್ ಇರಬೇಕೆಂದಿತು. ಕೀಪ್ಯಾಡ್ ಫೋನಿನಲ್ಲಿ 5 ಅಥವಾ 9ನ್ನು ಒತ್ತಿ ಹಿಡಿದರೆ, ಸ್ಮಾರ್ಟ್‌ಫೋನಿನಲ್ಲಿ ಪವರ್ ಬಟನ್ನನ್ನು ಬೇಗಬೇಗ ಮೂರು ಸಲ ಒತ್ತಿದರೆ ಕರೆ ಹೋಗಬೇಕು. ಒಳ್ಳೆಯ ಉದ್ದೇಶದ ಆದೇಶವೇ. ಕುತ್ತಿಗೆಗೆ ಚಾಕು ಹಿಡಿದಿರುವಾಗ ಹೆಣ್ಣುಮಗಳು ನಂಬರ್ ಹುಡುಕುತ್ತ ಕೂರಲಾರಳು. ಆದರೆ ಅದೇ ಫೋನ್ ಗಾರೆ ಕೆಲಸದವನ ಪ್ಯಾಂಟಿನ ಜೇಬಿನಲ್ಲಿರುತ್ತದೆ, ಗದ್ದೆ ಕೆಲಸಕ್ಕೆ ಹೋದವಳ ಸೊಂಟದ ಚೀಲದಲ್ಲಿರುತ್ತದೆ, ಕೂಸಿನ ಕೈಯಲ್ಲಿರುತ್ತದೆ. ಅಲ್ಲಿ ಗುಂಡಿ ಒತ್ತಿಹೋಗುತ್ತದೆ. ಕಂಟ್ರೋಲ್ ರೂಮಿನಲ್ಲಿ ಫೋನ್ ಎತ್ತಿದರೆ ಬಸ್ಸಿನ ಗದ್ದಲ, ಬಟ್ಟೆಯ ಸರಬರ. ಇದನ್ನು ‘ಬ್ಲ್ಯಾಂಕ್ ಕಾಲ್’ ಎಂದು ದಾಖಲಿಸಿ, ವರ್ಷದ ಕೊನೆಗೆ ಜನರ ದುರುಪಯೋಗ ಎಂದು ಪತ್ರಿಕಾ ಪ್ರಕಟಣೆ ಕೊಡುವುದು ಯಾವ ನ್ಯಾಯ? ಗುಂಡಿ ಇಟ್ಟವರು ನಾವು. ಬ್ರಿಟನ್ನಿನಲ್ಲೂ 2023ರಲ್ಲಿ ಆಂಡ್ರಾಯ್ಡ್ ಫೋನುಗಳಿಗೆ ಪವರ್ ಬಟನ್ ಪದೇಪದೇ ಒತ್ತಿದರೆ ತುರ್ತು ಕರೆ ಹೋಗುವ ಸೌಲಭ್ಯ ಬಂದಾಗ 999ಕ್ಕೆ ಮೌನ ಕರೆಗಳು ವಿಪರೀತ ಹೆಚ್ಚಾದವು. ಅಲ್ಲಿನ ಪೊಲೀಸರು ಕಾರಣ ಫೋನಿನ ಅಪ್‌ಡೇಟ್ ಎಂದೇ ಬಹಿರಂಗವಾಗಿ ಹೇಳಿದರು.

ಮೌನ ಕರೆಗಳ ವಿಷಯ ಇಷ್ಟಕ್ಕೇ ಮುಗಿಯುವುದಿಲ್ಲ. ಗಂಡ ಹೊಡೆಯುತ್ತಿದ್ದಾನೆ. ಅವನು ನೀರು ಕುಡಿಯಲು ಅಡುಗೆಮನೆಗೆ ಹೋದ ಅರೆಗಳಿಗೆಯಲ್ಲಿ ಹೆಂಡತಿ ನಂಬರ್ ಒತ್ತುತ್ತಾಳೆ. ಆ ಕಡೆ ಫೋನ್ ಎತ್ತಿ ‘ಹೇಳಿ’ ಎನ್ನುವಷ್ಟರಲ್ಲಿ ಅವನು ವಾಪಸ್ ಬಂದಿರುತ್ತಾನೆ. ಅವಳು ಕರೆ ಕತ್ತರಿಸಿ ಫೋನನ್ನು ದಿಂಬಿನ ಅಡಿಗೆ ಸರಿಸುತ್ತಾಳೆ. ಕಂಟ್ರೋಲ್ ರೂಮಿನ ಪರದೆಯ ಮೇಲೆ ಇದೂ ಮೂರು ಸೆಕೆಂಡಿನ ಬ್ಲ್ಯಾಂಕ್ ಕಾಲ್, ಕೂಸು ಒತ್ತಿದ ಕರೆಯ ಪಕ್ಕದ ಸಾಲಿನಲ್ಲೇ. ಮಾತಾಡಲಾಗದವರಿಗೆಂದೇ ಬ್ರಿಟನ್ನಿನಲ್ಲಿ ಒಂದು ಕ್ರಮವಿದೆ: ಮೊಬೈಲಿನಿಂದ 999 ಮಾಡಿ ಸುಮ್ಮನಿದ್ದರೆ, ಅಪಾಯದಲ್ಲಿದ್ದರೆ 55 ಒತ್ತಿ ಎಂದು ಧ್ವನಿ ಹೇಳುತ್ತದೆ, ಒತ್ತಿದರೆ ಕರೆ ಪೊಲೀಸರಿಗೆ ಹೋಗುತ್ತದೆ. ಮೌನವನ್ನು ಸೋಸಲು ಅವರು ಯಂತ್ರ ಮಾಡಿದರು, ನಾವು ಮೌನಕ್ಕೆ ಹುಸಿ ಎಂಬ ಹಣೆಪಟ್ಟಿ ಹಚ್ಚಿದೆವು.

ನಮ್ಮ ದೇಶದಲ್ಲೇ ಇದನ್ನು ಚೆನ್ನಾಗಿ ಅರ್ಥಮಾಡಿಕೊಂಡವರಿದ್ದರು. 1996ರಲ್ಲಿ ಮುಂಬೈಯಲ್ಲಿ ಜೆರೂ ಬಿಲಿಮೋರಿಯಾ ಅವರು ಶುರುಮಾಡಿದ ಮಕ್ಕಳ ಸಹಾಯವಾಣಿ 1098ಕ್ಕೆ ಮೊದಲಿನಿಂದಲೂ ಮೌನ ಕರೆ, ಆಟದ ಕರೆ ಧಾರಾಳವಾಗಿ ಬರುತ್ತಿದ್ದವು. ಬೀದಿಯ ಮಗುವಿಗೆ ದೊಡ್ಡವರನ್ನು ನಂಬುವ ಅಭ್ಯಾಸ ಇರುವುದಿಲ್ಲ. ಅದು ಫೋನ್ ಮಾಡಿ ನಗುತ್ತದೆ, ಬೈಯುತ್ತದೆ, ಇಟ್ಟುಬಿಡುತ್ತದೆ. ಆ ಕಡೆಯವರು ಸಿಡುಕುತ್ತಾರೋ, ಕೇಳಿಸಿಕೊಳ್ಳುತ್ತಾರೋ ಎಂದು ನೋಡುತ್ತದೆ. ಸಿಡುಕದಿದ್ದರೆ ಇನ್ನೊಂದು ದಿನ ನಿಜ ಹೇಳುತ್ತದೆ. ಹೀಗೆಂದು ನಂಬಿಯೇ ಅಲ್ಲಿನ ಕಾರ್ಯಕರ್ತರು ಆ ಕರೆಗಳನ್ನು ತಾಳ್ಮೆಯಿಂದ ಎತ್ತುತ್ತಿದ್ದರು. ತುರ್ತು ಸೇವೆಗಳನ್ನು ನಡೆಸುವ ಎಲ್ಲರೂ ಕಲಿಯಬೇಕಾದದ್ದು ಇದನ್ನು.

ಕಲಿಯದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಎರಡು ಪ್ರಕರಣಗಳಿವೆ. 1984ರ ಜನವರಿಯಲ್ಲಿ ಟೆಕ್ಸಸ್‌ನ ಡಲ್ಲಾಸ್ ನಗರದಲ್ಲಿ ಒಬ್ಬ ವ್ಯಕ್ತಿ ತನ್ನ ಮಲತಾಯಿಗೆ ಉಸಿರಾಡಲು ಆಗುತ್ತಿಲ್ಲ ಎಂದು ತುರ್ತು ಸಂಖ್ಯೆಗೆ ಕರೆ ಮಾಡಿದ. ಅನಗತ್ಯ ಕರೆಗಳಿಗೆಲ್ಲ ಆಂಬುಲೆನ್ಸ್ ಹೋಗಬಾರದೆಂದು ಅಲ್ಲಿ ಕರೆ ಸೋಸಲು ನರ್ಸ್ ಒಬ್ಬರನ್ನು ಕೂರಿಸಿದ್ದರು. ಆಕೆ ರೋಗಿಯ ಜೊತೆಗೇ ಮಾತಾಡಬೇಕೆಂದು ಹಟ ಹಿಡಿದರು. ಮಾತಾಡುವ ಸ್ಥಿತಿಯಲ್ಲಿಲ್ಲ ಎಂದರೂ ಕೇಳಲಿಲ್ಲ. ವಾದ ಬೆಳೆಯಿತು, ಅವನು ಬೈದ, ಬೈದದ್ದಕ್ಕೆ ಆಕೆಯೂ ತಿರುಗಿಬಿದ್ದರು. ಆಂಬುಲೆನ್ಸ್ ಬರುವಷ್ಟರಲ್ಲಿ ಆ ಹೆಂಗಸು ಸತ್ತಿದ್ದರು. ಸಂಭಾಷಣೆಯ ರೆಕಾರ್ಡಿಂಗ್ ಹೊರಬಂದು ದೇಶವೇ ಕೇಳಿತು. 2006ರ ಫೆಬ್ರವರಿಯಲ್ಲಿ ಡೆಟ್ರಾಯಿಟ್‌ನಲ್ಲಿ ಐದು ವರ್ಷದ ಹುಡುಗನೊಬ್ಬ ಅಲ್ಲಿನ ತುರ್ತು ಸಂಖ್ಯೆ 911ಕ್ಕೆ ಫೋನ್ ಮಾಡಿ ಅಮ್ಮ ಎಚ್ಚರ ತಪ್ಪಿ ಬಿದ್ದಿದ್ದಾಳೆ ಎಂದ. ಫೋನಿನಲ್ಲಿ ಆಟ ಆಡಬೇಡ, ದೊಡ್ಡವರಿಗೆ ಕೊಡು ಎಂದು ಗದರಿಸಿದರು. ಪೊಲೀಸರು ಬಂದಾಗ ಗಂಟೆಗಳೇ ಕಳೆದಿದ್ದವು. ಅಮ್ಮ ಬದುಕಿರಲಿಲ್ಲ. ಆ ಹುಡುಗ ಶಾಲೆಯಲ್ಲಿ, ಮನೆಯಲ್ಲಿ ಹೇಳಿಕೊಟ್ಟಿದ್ದನ್ನು ಅಚ್ಚುಕಟ್ಟಾಗಿ ಮಾಡುವಂಥ ವಯಸ್ಸಿನವನು. ಮಾಡಿದ. ಮಕ್ಕಳ ಕರೆ ಎಂದರೆ ಚೇಷ್ಟೆ ಎಂಬ ನಂಬಿಕೆ ಆ ಕುರ್ಚಿಯಲ್ಲಿ ಮೊದಲೇ ಬಂದು ಕೂತಿತ್ತು. ನಮ್ಮ ಸುದ್ದಿಗಳು ಪ್ರತಿ ಸಲ ಬಲಪಡಿಸುತ್ತಿರುವುದು ಇದೇ ನಂಬಿಕೆಯನ್ನು.

ಜನರನ್ನೇ ದೂರುವ ಈ ಚಟ ಹಳೆಯದು. 1964ರ ಮಾರ್ಚಿನಲ್ಲಿ ನ್ಯೂಯಾರ್ಕಿನ ಕ್ಯೂ ಗಾರ್ಡನ್ಸ್‌ನಲ್ಲಿ ಕಿಟ್ಟಿ ಜಿನೊವೀಸ್ ಎಂಬ ಯುವತಿಯ ಕೊಲೆಯಾಯಿತು. ಮೂವತ್ತೆಂಟು ಮಂದಿ ಕಿಟಕಿಯಿಂದ ನೋಡುತ್ತ ನಿಂತರು, ದಾಳಿ ನಡೆಯುವಾಗ ಒಬ್ಬರೂ ಪೊಲೀಸರಿಗೆ ಫೋನ್ ಮಾಡಲಿಲ್ಲ ಎಂದು ‘ನ್ಯೂಯಾರ್ಕ್ ಟೈಮ್ಸ್’ ಬರೆಯಿತು. ನಗರದ ಮನುಷ್ಯ ಕಲ್ಲಾಗಿದ್ದಾನೆ ಎಂದು ಜಗತ್ತೇ ಮರುಗಿತು, ಮನಶ್ಶಾಸ್ತ್ರದ ಪಠ್ಯಪುಸ್ತಕಗಳಿಗೂ ಅದು ಸೇರಿತು. ಆ ಸಂಖ್ಯೆ ವಿಪರೀತ ಉತ್ಪ್ರೇಕ್ಷೆ ಎಂದು 2016ರಲ್ಲಿ ಅದೇ ಪತ್ರಿಕೆ ಒಪ್ಪಿಕೊಂಡಿತು. ಹೆಚ್ಚಿನವರಿಗೆ ಕೂಗು ಕೇಳಿಸಿದ್ದು ಅರ್ಧಂಬರ್ಧ, ಕಂಡದ್ದು ಇನ್ನೂ ಕಡಿಮೆ. ಪೊಲೀಸರಿಗೆ ಫೋನ್ ಮಾಡಿದವರೂ ಇದ್ದರು. ಅಂದು ನ್ಯೂಯಾರ್ಕಿನಲ್ಲಿ ಎಲ್ಲರಿಗೂ ಗೊತ್ತಿರುವ ಒಂದು ತುರ್ತು ಸಂಖ್ಯೆ ಇರಲಿಲ್ಲ ಎಂಬುದು ಮಾತ್ರ ಪಠ್ಯಪುಸ್ತಕದ ಕಥೆಯಲ್ಲಿ ಎದ್ದು ಕಾಣಲಿಲ್ಲ. 1967ರಲ್ಲಿ ಅಧ್ಯಕ್ಷರ ಆಯೋಗ ಒಂದೇ ಸಂಖ್ಯೆ ಬೇಕೆಂದು ಶಿಫಾರಸು ಮಾಡಿತು, 1968ರ ಫೆಬ್ರವರಿ 16ರಂದು ಅಲಬಾಮಾದ ಹೇಲಿವಿಲ್ ಎಂಬ ಸಣ್ಣ ಊರಿನಿಂದ ಮೊದಲ 911 ಕರೆ ಹೋಯಿತು, ಆ ವರ್ಷದ ಜುಲೈಯಲ್ಲಿ ನ್ಯೂಯಾರ್ಕಿಗೂ ಬಂತು. ನೀತಿ ಹೇಳಿದ್ದರಿಂದ ಯಾರೂ ಬದಲಾಗಲಿಲ್ಲ. ಸಂಖ್ಯೆ ಬಂದದ್ದರಿಂದ ಕರೆಗಳು ಬಂದವು.

ಎದುರು ಪಕ್ಷದ ಬಲವಾದ ಮಾತು ಒಂದಿದೆ, ಅದಕ್ಕೆ ಉತ್ತರ ಹೇಳದೆ ಮುಂದೆ ಹೋಗಬಾರದು. ಒಂದು ಹುಸಿ ಕರೆ ಸಾಲು ಹಿಡಿದಿರುವಾಗ ನಿಜವಾಗಿ ಸಾಯುತ್ತಿರುವವರ ಕರೆ ಕಾಯುತ್ತದಲ್ಲ, ಅದಕ್ಕೇನು ಹೇಳುತ್ತೀರಿ ಎಂಬುದು. ಹೌದು, ಕಾಯುತ್ತದೆ, ಫೋನ್ ಎತ್ತಲು ಸಾಕಷ್ಟು ಜನ ಇಲ್ಲದಿದ್ದರೆ. ಎಷ್ಟು ಕರೆ ಬರುತ್ತವೆ, ಒಂದೊಂದು ಸರಾಸರಿ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ತಿಳಿದರೆ ಎಷ್ಟು ಆಪರೇಟರುಗಳು ಬೇಕೆಂದು ಲೆಕ್ಕ ಹಾಕುವ ಸೂತ್ರವನ್ನು ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪನಿಯ ಎಂಜಿನಿಯರ್ ಎರ್ಲಾಂಗ್ 1917ರಲ್ಲೇ ಕೊಟ್ಟಿದ್ದಾರೆ. ಪ್ರಪಂಚದ ಕಾಲ್ ಸೆಂಟರುಗಳು ನಡೆಯುವುದು ಆ ಬಗೆಯ ಲೆಕ್ಕದ ಮೇಲೆ. ಬ್ಯಾಂಕಿನ ಕಾರ್ಡು ಕಳೆದುಹೋದರೆ ಫೋನ್ ಎತ್ತುವ ಬೆಂಗಳೂರಿನ ಕಾಲ್ ಸೆಂಟರಿಗೆ ಈ ಗಣಿತ ಚೆನ್ನಾಗಿ ಗೊತ್ತು. ಬರುವ ಕರೆಗಳಲ್ಲಿ ಇಷ್ಟು ಪಾಲು ಬ್ಲ್ಯಾಂಕ್ ಎಂದು ವರ್ಷಾನುಗಟ್ಟಲೆಯಿಂದ ಗೊತ್ತಿದ್ದರೆ, ಅದನ್ನೂ ಸೇರಿಸಿ ಕುರ್ಚಿ ಹಾಕಬೇಕು. ಗೊತ್ತಿರುವ ಹೊರೆಗೆ ಕುರ್ಚಿ ಹಾಕದೆ, ಹೊರೆ ತಂದವರನ್ನು ಬೈಯುವುದು ಆಡಳಿತದ ಜಾರಿಕೆ.

ಇನ್ನೂ ಒಂದು ವಿಷಯ. ಬ್ಲ್ಯಾಂಕ್ ಕಾಲ್ ತಿನ್ನುವುದು ಫೋನ್ ಎತ್ತುವವರ ಕೆಲವು ಸೆಕೆಂಡುಗಳನ್ನು. ಆಂಬುಲೆನ್ಸ್ ನಿಂತಲ್ಲಿಂದ ಕದಲುವುದಿಲ್ಲ. ನಮ್ಮಲ್ಲಿ ಜನ ಸಾಯುವುದು ಬಹುತೇಕ ಆ ಸೆಕೆಂಡುಗಳಿಗಲ್ಲ, ಆಮೇಲಿನ ಮುಕ್ಕಾಲು ಗಂಟೆಗೆ. ರಾಷ್ಟ್ರೀಯ ಆರೋಗ್ಯ ಅಭಿಯಾನದ ಮಾನದಂಡ ಲಕ್ಷ ಜನಕ್ಕೆ ಒಂದು ಆಂಬುಲೆನ್ಸ್. ಬಯಲುಸೀಮೆಯ ಲಕ್ಷ ಜನ ಬೇರೆ, ತೀರ್ಥಹಳ್ಳಿ, ಕೊಪ್ಪ, ಜೋಯಿಡಾದ ಕಾಡುಗುಡ್ಡಗಳಲ್ಲಿ ಒಂಟಿಮನೆಗಳಾಗಿ ಹರಡಿಕೊಂಡ ಲಕ್ಷ ಜನ ಬೇರೆ. ಮಳೆಗಾಲದಲ್ಲಿ ಅಲ್ಲಿ ಸಿಗ್ನಲ್ ಸಿಗಲು ಗುಡ್ಡ ಹತ್ತಬೇಕು, ಗಾಡಿ ಬರಲು ಸಂಕ ದಾಟಬೇಕು. ಗಾಡಿ ಓಡಿಸುವ ಚಾಲಕರು, ಒಳಗೆ ಕೂರುವ ತುರ್ತು ವೈದ್ಯಕೀಯ ಸಿಬ್ಬಂದಿ (ಇಎಂಟಿ) ಸಂಬಳ ಬಾಕಿಗಾಗಿ ಮುಷ್ಕರಕ್ಕೆ ಇಳಿಯಬೇಕಾದ ಸ್ಥಿತಿ ನಮ್ಮ ರಾಜ್ಯದಲ್ಲಿ ಬಂದಿದೆ. 2022ರ ಸೆಪ್ಟೆಂಬರಿನಲ್ಲಿ ತಾಂತ್ರಿಕ ದೋಷದಿಂದ ಕರ್ನಾಟಕದ 108 ಆಂಬುಲೆನ್ಸ್ ಸೇವೆಯ ಕರೆ ವ್ಯವಸ್ಥೆಯೇ ಏರುಪೇರಾಗಿ ರಾಜ್ಯದುದ್ದಕ್ಕೂ ಜನ ಪರದಾಡಿದರು. ಆ ದಿನ ಸಾಲು ಕಟ್ಟಿಹಾಕಿದ್ದು ಯಾವ ಕುಡುಕನೂ ಅಲ್ಲ, ಯಾವ ಕೂಸೂ ಅಲ್ಲ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ನಮ್ಮ ನಾಡಿನ ನಿಜವಾದ ಸಮಸ್ಯೆ ಬಂದ ಕರೆಗಳಲ್ಲ, ಬಾರದ ಕರೆಗಳು. ಅವು ಯಾವ ಅಂಕಿಅಂಶದಲ್ಲೂ ಕಾಣುವುದಿಲ್ಲ.

ರಾತ್ರಿ ಎರಡು ಗಂಟೆ. ಅರವತ್ತು ದಾಟಿದ ಯಜಮಾನರು ಎದ್ದು ಕೂತು ಬೆವರುತ್ತಿದ್ದಾರೆ. ಎಡಗೈ ಜೋಮು ಎನ್ನುತ್ತಾರೆ. ‘ಅಪ್ಪಾಜಿ, ಎದೆ ನೋವಾ?’ ಎಂದರೆ ‘ಏನಿಲ್ಲ ಕಣೋ, ರಾತ್ರಿ ಅವರೆಕಾಳು ಜಾಸ್ತಿ ತಿಂದೆ, ಗ್ಯಾಸ್ಟ್ರಿಕ್ಕು’ ಎನ್ನುತ್ತಾರೆ. ಸೊಸೆ ಜೀರಿಗೆ ಕಷಾಯ ಕಾಸುತ್ತಾಳೆ. ಮಗ ಈನೋ ಪೊಟ್ಟಣ ಹುಡುಕುತ್ತಾನೆ. 108ಕ್ಕೆ ಮಾಡೋಣವಾ ಎಂದು ಯಾರೋ ಅಂದರೆ ಮನೆಯಲ್ಲಿ ತಕರಾರು ಹುಟ್ಟುತ್ತದೆ. ಇಷ್ಟಕ್ಕೆಲ್ಲ ಆಂಬುಲೆನ್ಸ್ ಕರೆಸಿದರೆ ಊರವರು ಏನಂದಾರು? ಬಂದಮೇಲೆ ಏನೂ ಇಲ್ಲ ಅಂತಾದರೆ ಬೈಯುವುದಿಲ್ಲವಾ? ದುಡ್ಡು ಕೇಳುತ್ತಾರಾ? ಬೆಳಿಗ್ಗೆ ಮೊದಲ ಬಸ್ಸಿಗೆ ಡಾಕ್ಟರ ಹತ್ತಿರ ಹೋದರಾಯಿತು. ಬೆಳಗಿನ ಜಾವ ನಾಲ್ಕಕ್ಕೆ ಪಕ್ಕದ ಬೀದಿಯ ಓಮ್ನಿ ಡ್ರೈವರನ್ನು ಬಾಗಿಲು ಬಡಿದು ಎಬ್ಬಿಸುತ್ತಾರೆ. ತಾಲ್ಲೂಕು ಆಸ್ಪತ್ರೆಯ ಗೇಟಿನ ಬಳಿ ಬರುವಾಗ ಯಜಮಾನರ ಕತ್ತು ಒಂದು ಕಡೆಗೆ ವಾಲಿರುತ್ತದೆ. ಈ ಸಾವು ಯಾವ ಊರಿನದು ಎಂದು ನಾನು ಹೇಳಬೇಕಾಗಿಲ್ಲ. ಓದುತ್ತಿರುವವರ ಬಳಗದಲ್ಲೇ ಒಂದಾದರೂ ಇರುತ್ತದೆ.

ಆ ಮನೆಯವರು ಹಿಂಜರಿದದ್ದು ತುರ್ತು ಇದ್ದರೆ ಮಾತ್ರ ಕರೆ ಮಾಡಿ ಎಂಬ ಬೋಧನೆಯನ್ನು ಪಾಲಿಸಿದ್ದರಿಂದ. ಇದೇ ಹೃದಯದ ಕಾಯಿಲೆಯ ವಿಷಯದಲ್ಲಿ ಸರ್ಕಾರ ಬೇರೆ ದಾರಿಯನ್ನೂ ಹಿಡಿದಿದೆ. ನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ತೀರಿಕೊಂಡ ಮೇಲೆ ಸಾವಿರಾರು ಜನ ಹೃದಯ ತಪಾಸಣೆಗೆ ಜಯದೇವ ಆಸ್ಪತ್ರೆಗೆ ಧಾವಿಸಿದರು. ಸುಮ್ಮನೆ ಭಯಬಿದ್ದು ಬರುತ್ತಿದ್ದಾರೆ ಎಂಬ ಮಾತು ಆಗಲೂ ಕೇಳಿಬಂತು. ಆಮೇಲೆ ಅದೇ ಪುನೀತ್ ಹೆಸರಿನಲ್ಲಿ ಹೃದಯ ಜ್ಯೋತಿ ಯೋಜನೆ ಬಂತು: ಎದೆ ನೋವು ಎಂದು ತಾಲ್ಲೂಕು ಆಸ್ಪತ್ರೆಗೆ ಬಂದವರಿಗೆಲ್ಲ ಇಸಿಜಿ ಮಾಡಿ, ಹೃದಯಾಘಾತವೆಂದು ತಿಳಿದರೆ ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ಅಲ್ಲೇ ಉಚಿತವಾಗಿ ಕೊಡುವುದು. ಇಸಿಜಿ ಮಾಡಿಸಿಕೊಂಡವರಲ್ಲಿ ಹೆಚ್ಚಿನವರಿಗೆ ಹೃದಯಾಘಾತ ಇರುವುದಿಲ್ಲ. ಅವರನ್ನು ದುರುಪಯೋಗ ಮಾಡಿದವರು ಎಂದು ಯಾವ ವೈದ್ಯರೂ ಕರೆಯುವುದಿಲ್ಲ. ಇಲ್ಲ ಎಂದು ತಿಳಿಯುವುದೇ ಆ ಪರೀಕ್ಷೆಯ ಕೆಲಸ. ಆಸ್ಪತ್ರೆಯ ಬಾಗಿಲಲ್ಲಿ ಒಪ್ಪಿಕೊಂಡ ಈ ವಿವೇಕವನ್ನು ಫೋನಿನ ಬಾಗಿಲಲ್ಲಿ ಯಾಕೆ ಒಪ್ಪುತ್ತಿಲ್ಲ?

ರಸ್ತೆ ಅಪಘಾತದ ಕಥೆಯೂ ಇದೇ. 2016ರ ಫೆಬ್ರವರಿಯಲ್ಲಿ ನೆಲಮಂಗಲದ ಬಳಿ ಲಾರಿ ಹರಿದು ದೇಹ ತುಂಡಾದ ಹರೀಶ್ ಎಂಬ ಯುವಕ ಆ ಸ್ಥಿತಿಯಲ್ಲೂ ತನ್ನ ಕಣ್ಣುಗಳನ್ನು ದಾನ ಮಾಡಿ ಎಂದು ಕೇಳಿಕೊಂಡದ್ದನ್ನು ಕನ್ನಡಿಗರು ಮರೆತಿಲ್ಲ. ಸುತ್ತ ನಿಂತವರು ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಿದ್ದರೆಂದು ಎಲ್ಲರೂ ಛೀಮಾರಿ ಹಾಕಿದರು. ಛೀಮಾರಿಯಿಂದ ಏನೂ ಆಗಲಿಲ್ಲ. ಆದದ್ದು ಆ ನಂತರ ಅವನ ಹೆಸರಿನಲ್ಲೇ ಬಂದ ಯೋಜನೆಯಿಂದ, ಗಾಯಾಳುವಿಗೆ ಮೊದಲ 48 ಗಂಟೆಗಳ ಚಿಕಿತ್ಸೆಯ ಖರ್ಚು ಸರ್ಕಾರದ್ದು ಎಂಬ ಭರವಸೆಯಿಂದ. ಅದೇ ವರ್ಷ ಮಾರ್ಚ್ 30ರಂದು ಸುಪ್ರೀಂ ಕೋರ್ಟ್, ಗಾಯಾಳುವಿಗೆ ನೆರವಾದವರನ್ನು ಪೊಲೀಸರಾಗಲಿ ಆಸ್ಪತ್ರೆಯವರಾಗಲಿ ಸತಾಯಿಸಬಾರದೆಂಬ ಮಾರ್ಗಸೂಚಿಗೆ ಕಾನೂನಿನ ಬಲ ಕೊಟ್ಟಿತು. ಕರ್ನಾಟಕ ತನ್ನದೇ ಗುಡ್ ಸಮರಿಟನ್ ಕಾಯ್ದೆ ಮಾಡಿತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೂ ಆ ರಕ್ಷಣೆ ಸೇರಿತು. ಇಷ್ಟೆಲ್ಲ ಆದರೂ ‘ಸಾಕ್ಷಿ ಅಂತ ಕೋರ್ಟಿಗೆ ಅಲೆಸ್ತಾರೆ, ಯಾಕೆ ಬೇಕು ರಗಳೆ’ ಎಂಬ ಮಾತು ಪ್ರತಿ ಅಪಘಾತದ ಸ್ಥಳದಲ್ಲೂ ಕೇಳುತ್ತದೆ. ಜನರಿಗೆ ಕಾನೂನು ರಕ್ಷಣೆಯ ಸುದ್ದಿ ತಲುಪಿಲ್ಲ. ಕರೆ ಮಾಡಿ ತಪ್ಪಿದರೆ ಕ್ರಮ ಎಂಬ ಸುದ್ದಿ ಮಾತ್ರ ತಲುಪಿದೆ.

ತಪ್ಪು ನಂಬರಿಗೆ ಫೋನ್ ಮಾಡುತ್ತಾರೆ ಎಂಬ ದೂರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. 100, 101, 102, 104, 108, 112, 181, 1033, 1077, 1091, 1098, 1912, 1930. ಇಷ್ಟನ್ನು ನಾವು ಗೋಡೆಗಳ ಮೇಲೆ ಬರೆದಿದ್ದೇವೆ. ಕರೆಂಟು ಹೋದವರು 112ಕ್ಕೆ ಮಾಡುವುದು 1912 ಸಿಗದಿದ್ದಾಗ. ಎತ್ತುವವರು ಒಬ್ಬರಾದರೂ ಇದ್ದಾರಲ್ಲ ಎಂಬ ನಂಬಿಕೆಯಿಂದ ಬಂದ ಕರೆ ಅದು. ಸರಿಯಾದ ಇಲಾಖೆಗೆ ಜೋಡಿಸಿಕೊಡಲಿ.

ಬೇಕೆಂದೇ ಬಾಂಬ್ ಇಟ್ಟಿದ್ದೇನೆ ಎನ್ನುವವರನ್ನು, ಹೆಣ್ಣು ದನಿ ಕೇಳಿದರೆ ಅಶ್ಲೀಲ ಆಡುವವರನ್ನು ಬಿಟ್ಟುಬಿಡಿ ಎಂದು ನಾನು ಹೇಳುತ್ತಿಲ್ಲ. ರಾತ್ರಿ ಪಾಳಿಯಲ್ಲಿ ಹೆಡ್‌ಫೋನ್ ಹಾಕಿ ಕೂತ ಹೆಣ್ಣುಮಕ್ಕಳು ಕೇಳಿಸಿಕೊಳ್ಳುವ ಮಾತುಗಳು ಯಾರೂ ಕೇಳಬಾರದಂಥವು. ಸಾರ್ವಜನಿಕ ನೌಕರರಿಗೆ ಸುಳ್ಳು ಮಾಹಿತಿ ಕೊಡುವುದು ಹಿಂದಿನ ದಂಡಸಂಹಿತೆಯಲ್ಲೂ ಅಪರಾಧ, ಈಗಿನ ನ್ಯಾಯಸಂಹಿತೆಯಲ್ಲೂ ಅಪರಾಧ. ಅಂಥವರ ಮೇಲೆ ಒಬ್ಬೊಬ್ಬರಾಗಿ ಕೇಸು ನಡೆಸಿ, ಶಿಕ್ಷೆ ಕೊಡಿಸಿ. ಆದರೆ ಅವರನ್ನು, ಜೇಬಿನಲ್ಲಿ ಗುಂಡಿ ಒತ್ತಿಹೋದವರನ್ನು, ಗಂಡನಿಗೆ ಹೆದರಿ ಫೋನ್ ಇಟ್ಟವಳನ್ನು, ಗ್ಯಾಸ್ಟ್ರಿಕ್ಕೋ ಹೃದಯಾಘಾತವೋ ತಿಳಿಯದೆ ಕರೆದವರನ್ನು ಒಂದೇ ಮೊತ್ತದಲ್ಲಿ ಕೂಡಿಸಿ ಹುಸಿ ಕರೆಗಳು ಎಂದು ಪ್ರಕಟಿಸುವುದನ್ನು ನಿಲ್ಲಿಸಬೇಕು.

ಅಧಿಕಾರಿಗಳು ಪ್ರಕಟಿಸಬೇಕಾದ ಅಂಕಿಗಳು ಬೇರೆ ಇವೆ. ಕರೆ ಬಂದ ಎಷ್ಟು ಸೆಕೆಂಡಿಗೆ ಎತ್ತಿದಿರಿ? ಎತ್ತುವ ಮೊದಲೇ ಕಡಿದುಹೋದ ಕರೆಗಳು ಎಷ್ಟು, ಅವುಗಳಲ್ಲಿ ಎಷ್ಟಕ್ಕೆ ತಿರುಗಿ ಫೋನ್ ಮಾಡಿದಿರಿ? ಪ್ರತಿ ತಾಲ್ಲೂಕಿನಲ್ಲಿ ಗಾಡಿ ತಲುಪಲು ಹಿಡಿದ ಸಮಯ ಎಷ್ಟು, ಅದರಲ್ಲೂ ರಾತ್ರಿ ಹೊತ್ತು, ಮಳೆಗಾಲದಲ್ಲಿ ಎಷ್ಟು? ಚಾಲಕರ ಸಂಬಳ ಯಾವ ತಿಂಗಳವರೆಗೆ ಸಂದಿದೆ? ಪತ್ರಕರ್ತ ಮಿತ್ರರು ಮುಂದಿನ ಸಲ ಹುಸಿ ಕರೆಗಳ ಪಟ್ಟಿ ಕೈಗೆ ಬಂದಾಗ ಇವನ್ನು ಕೇಳಲಿ.

ಓದುಗರಲ್ಲಿ ನನ್ನ ವಿನಂತಿ ಇಷ್ಟೇ. ಮನೆಯಲ್ಲಿ ಯಾರಿಗಾದರೂ ಎದೆ ಹಿಡಿದುಕೊಂಡರೆ, ಬಾಯಿ ಸೊಟ್ಟಗಾದರೆ, ಪಕ್ಕದ ಮನೆಯಿಂದ ಕೂಗು ಕೇಳಿದರೆ, ರಸ್ತೆಯಲ್ಲಿ ಯಾರೋ ಬಿದ್ದಿದ್ದರೆ, ಬೇರೆಯವರು ಮಾಡಿರುತ್ತಾರೆ ಎಂದುಕೊಳ್ಳದೆ ನೀವೇ ಮಾಡಿ. ತಪ್ಪಿ ಕರೆ ಹೋಗಿಬಿಟ್ಟರೆ ಹೆದರಿ ಕತ್ತರಿಸಬೇಡಿ, ‘ತಪ್ಪಿ ಒತ್ತಿಹೋಯಿತು, ನಾವು ಕ್ಷೇಮ’ ಎಂದು ಹೇಳಿ ಇಡಿ. ತುರ್ತೋ ಅಲ್ಲವೋ ಎಂಬ ಅನುಮಾನವಿದ್ದರೂ ಮಾಡಿ. ಆಂಬುಲೆನ್ಸಿಗೆ 108, ಯಾವುದೇ ತುರ್ತಿಗೆ 112. ಎರಡಕ್ಕೂ ದುಡ್ಡಿಲ್ಲ.